ಕರೆಂಟು ಎಲ್ಲಿಯವರೆಗೆ ಬಂತು

ಜೂನ್ ತಿಂಗಳ ಒಂದು ಸೋಮವಾರ. ತೀರ್ಥಹಳ್ಳಿಯಲ್ಲಿ ಹಿಂದಿನ ರಾತ್ರಿಯಿಂದ ಮಳೆ ಬಿಟ್ಟಿರಲಿಲ್ಲ. ಅಂಗಡಿಯ ಶಟರ್ ಎತ್ತಿ, ಕೊಡೆ ಮೂಲೆಗಿಟ್ಟು, ಕೈ ಒರೆಸಿಕೊಂಡು ಕಂಪ್ಯೂಟರಿನ ಗುಂಡಿ ಒತ್ತಿದೆ. ಒಳಗಿನ ಫ್ಯಾನು ಅರ್ಧ ಸುತ್ತು ತಿರುಗಿತು. ಮುಂದಿನ ದೀಪ ಒಮ್ಮೆ ಮಿನುಗಿ ಆರಿತು. ಮತ್ತೆ ಒತ್ತಿದರೂ ಅದೇ ಅರ್ಧ ಸುತ್ತು, ಅದೇ ಮೌನ.

ಅದರ ಹಾರ್ಡ್ ಡಿಸ್ಕಿನಲ್ಲಿ ಒಂದು ಹಳ್ಳಿ ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆ ಇತ್ತು. 164 ಪುಟ, ಅಷ್ಟನ್ನೂ ನುಡಿ ತಂತ್ರಾಂಶದಲ್ಲಿ ನಾನೇ ಬೆರಳಚ್ಚು ಮಾಡಿದ್ದು. ತೀರಿಕೊಂಡ ಮೇಷ್ಟ್ರುಗಳ ಫೋಟೋಗಳನ್ನು ಅವರ ಮನೆಗಳಿಂದ ತರಿಸಿ, ಸ್ಕ್ಯಾನ್ ಮಾಡಿ, ತಿರುಗಿ ಕೊಟ್ಟಾಗಿತ್ತು. ಬೇರೆಲ್ಲೂ ಪ್ರತಿ ಇರಲಿಲ್ಲ. ಗುರುವಾರ ಪುಟಗಳು ಪ್ರೆಸ್ಸಿಗೆ ಹೋಗಬೇಕಿತ್ತು.

ರಿಪೇರಿಯವರೊಬ್ಬರಿಗೆ ಫೋನ್ ಮಾಡಿದೆ. ಯಂತ್ರ ನೋಡದೆಯೇ ಅವರು ಹೇಳಿದರು: "ಬೋರ್ಡ್ ಹೋಗಿರ್ತದೆ ಮೇಡಂ. ಏಳು ಸಾವಿರ ಆಗ್ತದೆ. ಅದರ ಬದಲು ಹೊಸದೇ ತಗೊಳ್ಳಿ."

ಈ ಮಾತು ನನಗೆ ಹೊಸದಲ್ಲ. ಡಿಟಿಪಿ, ಜೆರಾಕ್ಸ್ ಅಂಗಡಿ ಇಟ್ಟು 19 ವರ್ಷವಾಯಿತು. ನಮ್ಮ ಕಡೆ ಕಂಪ್ಯೂಟರ್ ಆನ್ ಆಗದಿದ್ದರೆ ಮೊದಲು ಬರುವ ತೀರ್ಪೇ ಅದು, ಬೋರ್ಡ್ ಹೋಗಿದೆ. ಪಂಚಾಯಿತಿ ಕಚೇರಿಯ ಯಂತ್ರ, ಸೊಸೈಟಿಯ ಯಂತ್ರ, ಸಾಲ ಮಾಡಿ ಮಗಳಿಗೆ ಕೊಡಿಸಿದ ಯಂತ್ರ, ಎಷ್ಟೋ ಪೆಟ್ಟಿಗೆಗಳು ಆ ಒಂದು ಮಾತಿಗೆ ಗುಜರಿ ಸೇರಿದ್ದನ್ನು ಕಂಡಿದ್ದೇನೆ. ಅವುಗಳಲ್ಲಿ ಕೆಲವನ್ನು ತೆರೆದು ನೋಡಿದ್ದೇನೆ. ಒಂದರಲ್ಲಿ ಬರೀ ವೈರು ಸಡಿಲವಾಗಿತ್ತು. ಆ ನೋವಿನಿಂದಲೇ ಇದನ್ನು ಬರೆಯುತ್ತಿರುವುದು.

"ಆನ್ ಆಗ್ತಿಲ್ಲ" ಅನ್ನುವುದು "ಜ್ವರ" ಅಂದ ಹಾಗೆ. ಯಾವ ಜ್ವರ ಅಂತ ಕೇಳಬೇಕು. ಗುಂಡಿ ಒತ್ತಿದಾಗ ಒಂದು ದೀಪವೂ ಇಲ್ಲ, ಒಂದು ಸದ್ದೂ ಇಲ್ಲ ಅನ್ನುವುದು ಒಂದು ಕಾಯಿಲೆ. ನನ್ನದರ ಹಾಗೆ ಎದ್ದ ಹಾಗೆ ಮಾಡಿ ಬೀಳುವುದು ಇನ್ನೊಂದು. ಫ್ಯಾನು ಸರಿಯಾಗಿ ತಿರುಗುತ್ತದೆ, ಪರದೆ ಮಾತ್ರ ಕಪ್ಪು ಅಂದರೆ ಅದು ಬಹುಪಾಲು ಕರೆಂಟಿನ ತೊಂದರೆಯೇ ಅಲ್ಲ. ರ್‍ಯಾಮೋ ಮಾನಿಟರಿನ ಕೇಬಲ್ಲೋ ಇರಬೇಕು. ಒಂದು ಗಂಟೆ ಚೆನ್ನಾಗಿ ನಡೆದು ಫಕ್ಕನೆ ಆರುವುದು ಮತ್ತೂ ಬೇರೆ. ಇಷ್ಟನ್ನು ಫೋನಿನಲ್ಲಿ ಕೇಳಿ ತಿಳಿದುಕೊಂಡರೇ ಅರ್ಧ ದಾರಿ ಸವೆಯುತ್ತದೆ.

ನಮ್ಮಪ್ಪ ಅಡಿಕೆ ತೋಟದ ಕೊನೆಯ ಸಾಲಿಗೆ ನೀರು ಬರಲಿಲ್ಲ ಅಂದರೆ ಮರದ ಬುಡ ಅಗೆಯುತ್ತಿರಲಿಲ್ಲ. ಕೆರೆಯಿಂದ ಹೊರಟು ಪೈಪಿನ ಗುಂಟ ನಡೆಯುತ್ತಿದ್ದರು. ಇಲ್ಲಿವರೆಗೆ ನೀರು ಬಂತಾ, ಬಂತು. ಈ ತಿರುವಿನವರೆಗೆ? ಬಂತು. ಎಲ್ಲಿ ಬರಲಿಲ್ಲವೋ ಅಲ್ಲಿ ಕೈ ಹಾಕುತ್ತಿದ್ದರು. ಕಂಪ್ಯೂಟರಿಗೂ ಬೇಕಾದದ್ದು ಅದೇ ನಡಿಗೆ. ಗೋಡೆಯಿಂದ ಹೊರಟು, ಕರೆಂಟು ಎಲ್ಲಿಯವರೆಗೆ ಬಂತು ಅಂತ ಹುಡುಕಿಕೊಂಡು ಹೋಗಬೇಕು.

ದಾರಿ ಎಲ್ಲೆಲ್ಲಿ ಹಾದು ಹೋಗುತ್ತದೆ ಅಂತ ಮೊದಲು ತಿಳಿದಿರಬೇಕಲ್ಲ. ಗೋಡೆಯ ಸಾಕೆಟ್ಟಿಗೆ ಬರುವುದು 230 ವೋಲ್ಟಿನ ಎಸಿ ಕರೆಂಟು, ಸೆಕೆಂಡಿಗೆ 50 ಆವರ್ತ. ಕಂಪ್ಯೂಟರಿನ ಚಿಪ್ಪುಗಳಿಗೆ ಅದನ್ನು ನೇರ ಕೊಟ್ಟರೆ ಸುಟ್ಟು ಕರಕಲಾಗುತ್ತವೆ. ಅವಕ್ಕೆ ಬೇಕಾದದ್ದು 12 ವೋಲ್ಟ್, 5 ವೋಲ್ಟ್, 3.3 ವೋಲ್ಟಿನ ಡಿಸಿ. ಈ ಪರಿವರ್ತನೆ ಮಾಡುವ ತಗಡಿನ ಡಬ್ಬಿಯನ್ನು ನಾವೆಲ್ಲ ಎಸ್‌ಎಂಪಿಎಸ್ ಅನ್ನುತ್ತೇವೆ. ಬಂದ ಎಸಿಯನ್ನು ಅದು ಮೊದಲು 300 ವೋಲ್ಟಿಗೂ ಮಿಕ್ಕಿದ ಡಿಸಿಯಾಗಿ ಮಾಡಿ ಕೆಪಾಸಿಟರಿನಲ್ಲಿ ತುಂಬಿಕೊಳ್ಳುತ್ತದೆ. ಆಮೇಲೆ ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ, ಒಂದು ಪುಟ್ಟ ಟ್ರಾನ್ಸ್‌ಫಾರ್ಮರಿನ ಮೂಲಕ ಇಳಿಸಿ, ಬೇಕಾದ ವೋಲ್ಟೇಜ್ ಮಾಡಿ ಕೊಡುತ್ತದೆ. ಅಷ್ಟು ವೇಗವಾಗಿ ಕತ್ತರಿಸುವುದರಿಂದಲೇ ಟ್ರಾನ್ಸ್‌ಫಾರ್ಮರ್ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದಾಗಿರುವುದು.

1981ರಲ್ಲಿ ಬಂದ ಮೊದಲ ಐಬಿಎಂ ಪಿಸಿಯ ಪವರ್ ಸಪ್ಲೈ ಬರೀ 63.5 ವ್ಯಾಟಿನದು. ಅದರ ಪಕ್ಕದಲ್ಲಿ ಒಂದು ದೊಡ್ಡ ಕೆಂಪು ಸ್ವಿಚ್ಚು ಇತ್ತು. ಟಕ್ ಎಂದು ಎತ್ತಿದರೆ ಕರೆಂಟು ಹರಿಯುತ್ತಿತ್ತು, ಇಳಿಸಿದರೆ ನಿಲ್ಲುತ್ತಿತ್ತು, ನಮ್ಮ ಮನೆಯ ಬಲ್ಬಿನ ಹಾಗೆ. 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ವಿನ್ಯಾಸ ತಂದ ಮೇಲೆ ಈ ಲೆಕ್ಕ ಬದಲಾಯಿತು. ಈಗಿನ ಗುಂಡಿ ಮುಖ್ಯ ಕರೆಂಟನ್ನು ಮುಟ್ಟುವುದೇ ಇಲ್ಲ. ಅದು ಮದರ್‌ಬೋರ್ಡಿನ ಬಾಗಿಲು ತಟ್ಟುತ್ತದೆ, ಅಷ್ಟೇ.

ಬಾಗಿಲು ತಟ್ಟಿದ್ದು ಕೇಳಿಸಬೇಕಾದರೆ ಒಳಗೆ ಯಾರೋ ಎಚ್ಚರ ಇರಬೇಕು. ಅದಕ್ಕಾಗಿ, ಕಂಪ್ಯೂಟರ್ ಆರಿಸಿದ್ದರೂ ವೈರು ಗೋಡೆಯಲ್ಲಿ ಇರುವವರೆಗೆ ಎಸ್‌ಎಂಪಿಎಸ್ ಒಂದು ಸಣ್ಣ ಕರೆಂಟನ್ನು ಕೊಡುತ್ತಲೇ ಇರುತ್ತದೆ. ಸಾಮಾನ್ಯ ಎಟಿಎಕ್ಸ್‌ನಲ್ಲಿ ಅದು ನೇರಳೆ ವೈರಿನ 5 ವೋಲ್ಟ್. ಗುಂಡಿ ಒತ್ತಿದಾಗ ಬೋರ್ಡು ಹಸಿರು ವೈರನ್ನು ನೆಲದ (ಗ್ರೌಂಡ್) ವೈರಿಗೆ ಜೋಡಿಸುತ್ತದೆ, ಅಂದರೆ "ಶುರು ಮಾಡು" ಎಂಬ ಸನ್ನೆ. ಎಸ್‌ಎಂಪಿಎಸ್ ಎಲ್ಲ ವೋಲ್ಟೇಜುಗಳನ್ನೂ ಎಬ್ಬಿಸಿ, ಅವು ಸರಿಯಾಗಿ ನಿಂತವೇ ಅಂತ ನೋಡಿಕೊಂಡು, ಬೂದು ವೈರಿನಲ್ಲಿ "ಎಲ್ಲ ಸರಿ ಇದೆ" ಅಂತ ತಿಳಿಸುತ್ತದೆ. ಇದಕ್ಕೆ 100ರಿಂದ 500 ಮಿಲಿಸೆಕೆಂಡ್ ಹಿಡಿಯುತ್ತದೆ. ಆ ಸುದ್ದಿ ಬರುವವರೆಗೆ ಪ್ರೊಸೆಸರ್ ಕೆಲಸ ಶುರು ಮಾಡುವುದಿಲ್ಲ. ಅಷ್ಟರಲ್ಲಿ ಎಲ್ಲಾದರೂ ಶಾರ್ಟ್ ಆಗಿ ಕರೆಂಟು ಮಿತಿಮೀರಿ ಹರಿದರೆ, ಎಸ್‌ಎಂಪಿಎಸ್ ತನ್ನನ್ನೂ ಬೋರ್ಡನ್ನೂ ಉಳಿಸಲು ಕೂಡಲೇ ಬಾಗಿಲು ಹಾಕಿಕೊಳ್ಳುತ್ತದೆ.

ನನ್ನ ಯಂತ್ರದ ಫ್ಯಾನಿನ ಅರ್ಧ ಸುತ್ತು ಹೇಳುತ್ತಿದ್ದದ್ದು ಇದನ್ನೇ. ಗೋಡೆಯ ಕರೆಂಟು ಬಂದಿದೆ. ಗುಂಡಿ ಸರಿ ಇದೆ. ಬೋರ್ಡು ಎಚ್ಚರ ಇದೆ, ಸನ್ನೆ ಮಾಡಿದೆ. ಎಸ್‌ಎಂಪಿಎಸ್ ಎದ್ದಿದೆ, ಏನನ್ನೋ ಕಂಡು ಹೆದರಿ ಕೂತಿದೆ. ಸತ್ತ ಯಂತ್ರ ಅರ್ಧ ಸುತ್ತೂ ಸುತ್ತುವುದಿಲ್ಲ. ಅಷ್ಟು ಯೋಚನೆ ಮಾಡಿದ ಮೇಲೆ ನನಗೆ ಉಸಿರು ಬಂತು. ಇನ್ನೊಂದು ಧೈರ್ಯವೂ ಇತ್ತು. ಪೆಟ್ಟಿಗೆ ಆನ್ ಆಗದಿದ್ದ ಮಾತ್ರಕ್ಕೆ ಹಾರ್ಡ್ ಡಿಸ್ಕಿನಲ್ಲಿ ಬರೆದದ್ದು ಅಳಿಸಿ ಹೋಗುವುದಿಲ್ಲ. ಏನೂ ದಾರಿ ಕಾಣದಿದ್ದರೆ ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿ ಪುಟಗಳನ್ನು ತೆಗೆಯಬಹುದು. ಈ ಒಂದು ವಿಷಯ ಗೊತ್ತಿಲ್ಲದೆ ಎಷ್ಟು ಜನ ನನ್ನ ಅಂಗಡಿಯಲ್ಲಿ ಕಣ್ಣೀರು ಹಾಕಿದ್ದಾರೆ.

ಮೊದಲು ಗೋಡೆಯ ವೈರು ಕಿತ್ತೆ. ಆಮೇಲೆ ಗುಂಡಿಯನ್ನು ಇಪ್ಪತ್ತು ಸೆಕೆಂಡ್ ಒತ್ತಿ ಹಿಡಿದೆ. ಒಳಗೆ ಉಳಿದ ಚಾರ್ಜು ಇಳಿದು ಹೋಗಲಿ ಅಂತ. ಎಷ್ಟೋ ಸಲ ಇಷ್ಟರಿಂದಲೇ ಯಂತ್ರ ಸರಿಹೋಗುವುದುಂಟು. ಸಿಡಿಲಿಗೋ ಕರೆಂಟು ಹೋಗಿ ಬಂದದ್ದಕ್ಕೋ ಬೋರ್ಡು ಗೊಂದಲದಲ್ಲಿ ಸಿಕ್ಕಿಕೊಂಡಿರುತ್ತದೆ, ಪೂರ್ತಿ ಬರಿದಾದ ಮೇಲೆ ಹೊಸದಾಗಿ ಏಳುತ್ತದೆ. ನನ್ನದು ಏಳಲಿಲ್ಲ.

ಕೀಬೋರ್ಡ್, ಮೌಸು, ಪ್ರಿಂಟರು, ಹಿಂದಿನ ಎಲ್ಲ ವೈರುಗಳನ್ನೂ ಬಿಡಿಸಿದೆ. ಅದೇ ಅರ್ಧ ಸುತ್ತು. ಪಕ್ಕದ ತಗಡು ತೆಗೆದು, ಮೂಗು ಹತ್ತಿರ ತಂದು ವಾಸನೆ ನೋಡಿದೆ. ಸುಟ್ಟ ವಾಸನೆ ಇರಲಿಲ್ಲ. ಬೋರ್ಡಿನ ಮೇಲೆ ನಿಂತಿರುವ ಪುಟ್ಟ ಡಬ್ಬಿಗಳಂಥ ಕೆಪಾಸಿಟರುಗಳ ತಲೆ ಚಪ್ಪಟೆಯಾಗಿಯೇ ಇತ್ತು. ತಲೆ ಉಬ್ಬಿದ್ದರೆ, ಕಂದು ರಸ ಒಸರಿದ್ದರೆ ಅದು ಬೋರ್ಡಿನದೇ ಕಾಯಿಲೆ. 2000ದ ಆಚೀಚೆ ತಯಾರಾದ ಬೋರ್ಡುಗಳಲ್ಲಿ ಕಳಪೆ ಕೆಪಾಸಿಟರುಗಳು ಹೀಗೆ ಉಬ್ಬಿ ಒಡೆದು ಜಗತ್ತಿನಾದ್ಯಂತ ದೊಡ್ಡ ಪಿಡುಗಾಗಿತ್ತು.

ರ್‍ಯಾಮ್ ಪಟ್ಟಿ ಬಿಚ್ಚಿ, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿದೆ. ಮಳೆಗಾಲದ ತೇವಕ್ಕೆ ಅಲ್ಲಿ ಮಬ್ಬು ಕಟ್ಟುವುದು ನಮ್ಮಲ್ಲಿ ಮಾಮೂಲು. ವಾಪಸ್ ಹಾಕಿದರೂ ಪ್ರಯೋಜನ ಆಗಲಿಲ್ಲ. ಹಾರ್ಡ್ ಡಿಸ್ಕಿನ ವೈರು ಬಿಡಿಸಿದೆ, ಡಿವಿಡಿ ಡ್ರೈವಿನದು ಬಿಡಿಸಿದೆ. ಒಂದೊಂದು ಬಿಡಿಸುವ ಮುಂಚೆಯೂ ಗೋಡೆಯ ವೈರು ಕಿತ್ತು, ಬಿಡಿಸಿದ ಮೇಲೆ ಹಾಕಿ, ಗುಂಡಿ ಒತ್ತಿ ನೋಡುವುದು. ಬೇಸರದ ಕೆಲಸ, ಆದರೆ ಇದಕ್ಕೆ ಅಡ್ಡದಾರಿ ಇಲ್ಲ. ಎರಡು ವೈರು ಒಟ್ಟಿಗೆ ಬಿಡಿಸಿದರೆ ಯಾವುದು ಕಳ್ಳ ಅಂತ ಗೊತ್ತಾಗುವುದು ಹೇಗೆ?

ಕೊನೆಗೆ ಉಳಿದದ್ದು ಪೆಟ್ಟಿಗೆಯ ಮುಂಭಾಗದ ಯುಎಸ್‌ಬಿ ಕಿಂಡಿಗಳಿಂದ ಬೋರ್ಡಿಗೆ ಬರುವ ಒಂದು ಕಪ್ಪು ವೈರಿನ ಗೊಂಚಲು. ಅದನ್ನು ಕಿತ್ತು ಗುಂಡಿ ಒತ್ತಿದೆ. ಫ್ಯಾನು ಅರ್ಧ ಸುತ್ತು ದಾಟಿತು, ಒಂದು ಸುತ್ತು, ಎರಡು, ನಿಲ್ಲಲೇ ಇಲ್ಲ. ಆ ಸದ್ದು ಕೇಳಿ ಪಕ್ಕದ ಹೂವಿನಂಗಡಿಯವರು ಬಂದು ನೋಡುವಷ್ಟು ಜೋರಾಗಿ ನಾನು ಕೂಗಿದ್ದೆ.

ಟಾರ್ಚ್ ಹಾಕಿ ಮುಂದಿನ ಕಿಂಡಿ ನೋಡಿದೆ. ಒಳಗಿನ ನಾಲ್ಕು ಲೋಹದ ಎಳೆಗಳಲ್ಲಿ ತುದಿಯದೊಂದು ಬಾಗಿ ಹೊರಗಿನ ತಗಡಿಗೆ ತಾಗಿತ್ತು. ಅದು 5 ವೋಲ್ಟಿನ ಎಳೆ, ತಗಡು ನೆಲದ ಸಂಪರ್ಕ. ಶನಿವಾರ ಸಂಜೆ ಒಬ್ಬ ಹುಡುಗ ಅವಸರದಲ್ಲಿ ಪೆನ್‌ಡ್ರೈವನ್ನು ತಲೆಕೆಳಗಾಗಿ ತುರುಕಿದ್ದು ನೆನಪಾಯಿತು. ದಿನಕ್ಕೆ ನಲವತ್ತು ಪೆನ್‌ಡ್ರೈವ್ ಹೊಕ್ಕು ಹೊರಡುವ ಕಿಂಡಿ ಅದು. ಬೋರ್ಡ್ ಹೋಗಿರಲಿಲ್ಲ. ಎಸ್‌ಎಂಪಿಎಸ್ ತನ್ನ ಕರ್ತವ್ಯ ಮಾಡಿತ್ತು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ನನ್ನದು ಅಸೆಂಬಲ್ಡ್ ಅಲ್ಲ, ಕಂಪೆನಿ ಪೆಟ್ಟಿಗೆ. ಬೆಂಗಳೂರಿನ ಯಾವುದೋ ಆಫೀಸಿನಲ್ಲಿ ನಾಲ್ಕಾರು ವರ್ಷ ದುಡಿದು, ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಒರೆಸಿ ತಿದ್ದಿಸಿಕೊಂಡು ಮಾರಾಟಕ್ಕೆ ಬಂದದ್ದು. ಮಲೆನಾಡಿನ ಪೇಟೆಗಳಲ್ಲಿ ಈಗ ಅಂಗಡಿ, ಟ್ಯೂಷನ್ ಕೋಣೆ, ಸಹಕಾರ ಸಂಘ ಎಲ್ಲೆಲ್ಲೂ ಇಂಥವೇ ಕಾಣುತ್ತವೆ. ಗಟ್ಟಿ ಪೆಟ್ಟಿಗೆಗಳು, ನನಗೆ ಅವುಗಳ ಮೇಲೆ ಪ್ರೀತಿ ಇದೆ. ಆದರೆ ಅಸೆಂಬಲ್ಡ್ ಯಂತ್ರದ ವಿದ್ಯೆಯನ್ನು ಅವುಗಳ ಮೇಲೆ ಹಾಗೇ ಪ್ರಯೋಗಿಸಬಾರದು.

ಅಸೆಂಬಲ್ಡ್ ಯಂತ್ರದ ಎಸ್‌ಎಂಪಿಎಸ್ಸಿಗೆ 24 ಪಿನ್ನಿನ ದೊಡ್ಡ ಜಡೆ ಇರುತ್ತದೆ. ಯಾವ ಅಂಗಡಿಯಿಂದ ತಂದರೂ ಹೊಂದುತ್ತದೆ. ಹಸಿರು ವೈರನ್ನೂ ಪಕ್ಕದ ಕಪ್ಪು ವೈರನ್ನೂ ಒಂದು ತುಂಡು ತಂತಿಯಿಂದ ಸೇರಿಸಿ, ಎಸ್‌ಎಂಪಿಎಸ್ ಒಂದೇ ಎದ್ದೇಳುತ್ತದೆಯೇ ಅಂತ ಮೆಕ್ಯಾನಿಕ್ಕುಗಳು ಪರೀಕ್ಷೆ ಮಾಡುತ್ತಾರೆ. ಡೆಲ್, ಎಚ್‌ಪಿ, ಲೆನೊವೊ ಕಂಪೆನಿಗಳು ಆಫೀಸುಗಳಿಗಾಗಿ ಮಾಡಿದ ಎಷ್ಟೋ ಪೆಟ್ಟಿಗೆಗಳಲ್ಲಿ ಆ 24 ಪಿನ್ ಇಲ್ಲ. ಆರು, ಎಂಟು, ಹತ್ತು, ಹದಿನಾಲ್ಕು ಪಿನ್ನುಗಳ ತಮ್ಮದೇ ಜೋಡಣೆ. ಅನೇಕವುಗಳಲ್ಲಿ ಎಸ್‌ಎಂಪಿಎಸ್ ಬರೀ 12 ವೋಲ್ಟ್ ಕೊಡುತ್ತದೆ, 5 ಮತ್ತು 3.3 ವೋಲ್ಟನ್ನು ಬೋರ್ಡೇ ಮಾಡಿಕೊಳ್ಳುತ್ತದೆ. ಹಾರ್ಡ್ ಡಿಸ್ಕಿನ ಕರೆಂಟು ಕೂಡ ಬೋರ್ಡಿನಿಂದಲೇ ಹೋಗುತ್ತದೆ. ಅಂಥದರಲ್ಲಿ ಯಾರೋ ತೋರಿಸಿಕೊಟ್ಟ ಹಸಿರು ವೈರಿನ ವಿದ್ಯೆ ನಂಬಿ ತಂತಿ ತೂರಿಸಿದರೆ ಎಲ್ಲಿಗೆ ತೂರಿಸಿದಿರಿ ಅಂತ ನಿಮಗೇ ಗೊತ್ತಿರುವುದಿಲ್ಲ.

ಇನ್ನೂ ಹೆಚ್ಚಿನ ಅಪಾಯ ಒಂದು ಕಾಲದಲ್ಲಿತ್ತು. 1990ರ ದಶಕದ ಕೊನೆಯ ಕೆಲವು ಡೆಲ್ ಯಂತ್ರಗಳಲ್ಲಿ ಜಡೆ ನೋಡಲಿಕ್ಕೆ ಎಲ್ಲರ ಎಟಿಎಕ್ಸ್ ಜಡೆಯ ಹಾಗೇ ಇತ್ತು, ಸರಿಯಾಗಿ ಕೂರುತ್ತಿತ್ತು ಕೂಡ. ಒಳಗಿನ ವೈರುಗಳ ಕ್ರಮ ಮಾತ್ರ ಬೇರೆ. ಮಾಮೂಲಿ ಎಸ್‌ಎಂಪಿಎಸ್ ಹಾಕಿ ಆನ್ ಮಾಡಿದರೆ ಸುಟ್ಟೇ ಹೋಗುತ್ತಿತ್ತು. ಅದಕ್ಕೇ ಕಂಪೆನಿ ಪೆಟ್ಟಿಗೆಗೆ ಬದಲಿ ತರುವಾಗ ನಾನು ವ್ಯಾಟ್ ಹೇಳುವುದಿಲ್ಲ. ಹಳೆಯ ಎಸ್‌ಎಂಪಿಎಸ್ಸಿನ ಮೈಮೇಲೆ ಅಂಟಿಸಿದ ಚೀಟಿಯ ಫೋಟೋ ತೆಗೆದು, ಅದರಲ್ಲಿರುವ ಪಾರ್ಟ್ ನಂಬರನ್ನೇ ಅಂಗಡಿಯವರಿಗೆ ಕಳಿಸುತ್ತೇನೆ. ಎಸ್.ಪಿ. ರಸ್ತೆಯಲ್ಲಿ ಅಂಥದು ಕಳಚಿದ ಯಂತ್ರಗಳಿಂದ ಸಿಗುತ್ತದೆ, ಬಸ್ಸಿನ ಪಾರ್ಸೆಲ್ಲಿನಲ್ಲಿ ಬೆಳಗಾಗುವಾಗ ಬಂದು ಬಿಡುತ್ತದೆ.

ವ್ಯಾಟಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಕಂಪೆನಿಯವರು ಈ ಪೆಟ್ಟಿಗೆಗಳಿಗೆ ಅಳತೆ ಮಾಡಿ ಬಟ್ಟೆ ಹೊಲಿದ ಹಾಗೆ 180, 240 ವ್ಯಾಟಿನ ಎಸ್‌ಎಂಪಿಎಸ್ ಕೊಟ್ಟಿರುತ್ತಾರೆ. ನನ್ನ ಅಕ್ಕನ ಮಗ ಆಟವಾಡಲೆಂದು ಒಂದು ಗ್ರಾಫಿಕ್ಸ್ ಕಾರ್ಡ್ ತಂದು ಹಾಕಿದ್ದ. ಪದ್ಯ ಬರೆದರೆ, ಸಿನಿಮಾ ನೋಡಿದರೆ ಏನೂ ತೊಂದರೆ ಇಲ್ಲ. ಆಟ ಶುರುವಾಗಿ ಐದು ನಿಮಿಷಕ್ಕೆ ಪೆಟ್ಟಿಗೆ ಆರುತ್ತಿತ್ತು. ಕಾರ್ಡು ಕೂರುವ ಸ್ಲಾಟಿನಿಂದಲೇ 75 ವ್ಯಾಟಿನವರೆಗೆ ಎಳೆದುಕೊಳ್ಳಬಹುದು. ಉಳಿದವರ ಪಾಲಿಗೆ ಏನು ಉಳಿಯಿತು? ಕಾರ್ಡು ತೆಗೆದ ದಿನದಿಂದ ಅದು ಆರಿಲ್ಲ.

ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾರೂ ತೆರೆಯಬೇಡಿ. ಕೈಮುಗಿದು ಹೇಳುತ್ತೇನೆ. ಆಗಲೇ ಹೇಳಿದ 300 ವೋಲ್ಟಿಗೂ ಮಿಕ್ಕಿದ ಕರೆಂಟು ಅದರ ದೊಡ್ಡ ಕೆಪಾಸಿಟರಿನಲ್ಲಿ, ವೈರು ಕಿತ್ತ ಮೇಲೂ, ಕೂತಿರಬಹುದು. ಒಂದು ಸಲ ಅದರ ಜಾಲರಿಯೊಳಗೆ ಹಲ್ಲಿಯೊಂದು ಸುಟ್ಟು ಅಂಟಿಕೊಂಡದ್ದು ಟಾರ್ಚಿನ ಬೆಳಕಿನಲ್ಲಿ ಕಂಡಿತು. ಬೆಚ್ಚಗಿನ ಜಾಗ ಹುಡುಕಿ ಬರುವ ಜೀವಗಳು. ಅದನ್ನು ಕೆರೆದು ತೆಗೆಯುವ ಆಸೆ ಆದರೂ ನಾನು ಡಬ್ಬಿಯನ್ನೇ ಬದಲಾಯಿಸಿದೆ.

ಹೊರಗಿನ ದಾರಿಯ ಕಡೆಗೆ ಬರೋಣ. ಯಂತ್ರ ಪೂರ್ತಿ ಸತ್ತಂತಿದ್ದರೆ, ಒಂದು ದೀಪವೂ ಇಲ್ಲದಿದ್ದರೆ, ತಪ್ಪು ಬಹಳ ಸಲ ಪೆಟ್ಟಿಗೆಯ ಹೊರಗೇ ಇರುತ್ತದೆ. ಸ್ಪೈಕ್ ಗಾರ್ಡಿನ ಸ್ವಿಚ್ಚು ಸವೆದಿರುತ್ತದೆ. ಹಿಂದೆ ಚುಚ್ಚುವ ವೈರಿನ ತುದಿ, ಮೇಜು ಸರಿಸಿದಾಗ ಎಳೆದು ಸಡಿಲವಾಗಿರುತ್ತದೆ. ಸಾಕೆಟ್ಟಿನ ತೂತಿನ ಸುತ್ತ ಕಂದು ಕಲೆ ಬಿದ್ದಿರುತ್ತದೆ. ನನ್ನಲ್ಲಿ ಹೋಲ್ಡರಿಗೆ ಹಾಕಿದ ಒಂದು ಹಳೆಯ 100 ವ್ಯಾಟಿನ ಬುರುಡೆ ದೀಪ ಇದೆ, ಎಲೆಕ್ಟ್ರಿಶಿಯನ್ನರು ಟೆಸ್ಟ್ ಲ್ಯಾಂಪ್ ಅನ್ನುತ್ತಾರಲ್ಲ, ಅದು. ಮೊಬೈಲ್ ಚಾರ್ಜರ್ ಉರಿದರೆ ಸಾಕೆಟ್ ಸರಿ ಇದೆ ಅಂತ ನಂಬಬೇಡಿ, ಅದಕ್ಕೆ ಬೇಕಾದದ್ದು ತೊಟ್ಟು ಕರೆಂಟು. ಬುರುಡೆ ದೀಪ ಹೆಚ್ಚು ಎಳೆಯುತ್ತದೆ. ಸಡಿಲ ಇದ್ದರೆ ಮಿನುಗಿ ತೋರಿಸುತ್ತದೆ, ವೋಲ್ಟೇಜ್ ಕಡಿಮೆ ಇದ್ದರೆ ಕೆಂಪಗೆ ಉರಿದು ಹೇಳುತ್ತದೆ. ವೈರು ಬದಲಿಸಿ ನೋಡುವುದು ಇನ್ನೂ ಸುಲಭ. ಮಾನಿಟರಿನ ವೈರೂ ಕಂಪ್ಯೂಟರಿನ ವೈರೂ ಎಷ್ಟೋ ಕಡೆ ಒಂದೇ ಥರದವು.

ಹಳೆಯ ಕೆಲವು ಎಸ್‌ಎಂಪಿಎಸ್ಸುಗಳ ಹಿಂದೆ 115 ಮತ್ತು 230 ಎಂದು ಬರೆದ ಕೆಂಪು ಜಾರುಗುಂಡಿ ಇರುತ್ತದೆ. ಮಕ್ಕಳು ಅದನ್ನು 115ಕ್ಕೆ ಜಾರಿಸಿದರೆ ಮುಂದಿನ ಸಲ ಆನ್ ಮಾಡುವಾಗ ಢಂ ಅನ್ನುತ್ತದೆ. ಅದರ ಮೇಲೆ ಟೇಪ್ ಅಂಟಿಸಿ.

ಒಳಗೆ ಬೋರ್ಡಿನ ಮೇಲೆ ಒಂದು ದೀಪ ಉರಿಯುತ್ತಿದ್ದು, ಗುಂಡಿಗೆ ಮಾತ್ರ ಉತ್ತರ ಇಲ್ಲವೆಂದರೆ ಗುಂಡಿಯನ್ನೇ ಅನುಮಾನಿಸಬೇಕು. ಅದರೊಳಗೆ ಇರುವುದು ಕಾಲಿಂಗ್ ಬೆಲ್ಲಿನಂಥ ಪುಟ್ಟ ಸ್ವಿಚ್ಚು. ನಮ್ಮ ಮಳೆಗೆ ತುಕ್ಕು ಹಿಡಿಯುತ್ತದೆ. ಬಲ್ಲವರು, ಬೋರ್ಡಿನ ಮೇಲೆ ಗುಂಡಿಯ ವೈರು ಕೂರುವ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಕ್ಷಣಮಾತ್ರ ಸೇರಿಸಿ ಯಂತ್ರವನ್ನು ಎಬ್ಬಿಸಿ ತೋರಿಸುತ್ತಾರೆ. ಕಂಪೆನಿ ಪೆಟ್ಟಿಗೆಗಳಲ್ಲಿ ಈ ಪಿನ್ನುಗಳ ಮೇಲೆ ಹೆಸರು ಬರೆದಿರುವುದು ಅಪರೂಪ, ಹಾಗಾಗಿ ಆ ಮಾಡೆಲ್ಲಿನ ಸರ್ವಿಸ್ ಪುಸ್ತಕ ನೋಡದೆ ಮುಟ್ಟಬೇಡಿ. ಆ ಪುಸ್ತಕದಲ್ಲೇ ಇನ್ನೊಂದು ನಿಧಿ ಇದೆ. ಗುಂಡಿಯ ದೀಪ ಎಷ್ಟು ಸಲ ಕೆಂಪು ಮಿನುಗಿತು, ಎಷ್ಟು ಸಲ ಬಿಳಿ, ಎಷ್ಟು ಬೀಪ್, ಪ್ರತಿಯೊಂದಕ್ಕೂ ಅರ್ಥ ಕೊಟ್ಟಿರುತ್ತಾರೆ. ಯಂತ್ರ ತನ್ನ ನೋವಿನ ಜಾಗ ತಾನೇ ಹೇಳುತ್ತಿರುತ್ತದೆ. ಎಣಿಸುವ ತಾಳ್ಮೆ ಬೇಕು.

ದಿನಾಂಕ ಪದೇ ಪದೇ ಹಿಂದಕ್ಕೆ ಹೋಗುವುದು, ಆನ್ ಮಾಡಿದಾಗಲೆಲ್ಲ ಏನೋ ಪ್ರಶ್ನೆ ಕೇಳಿ ನಿಲ್ಲುವುದು ಸಿಆರ್2032 ಎಂಬ ನಾಣ್ಯದಂಥ ಬ್ಯಾಟರಿ ಸೋತದ್ದರ ಗುರುತು. ವಾಚು ರಿಪೇರಿಯವರಲ್ಲೂ ಸಿಗುತ್ತದೆ.

ಇನ್ನು, ನಮ್ಮೂರಿನ ದೊಡ್ಡ ದೂರು: "ಕರೆಂಟು ಹೋದಾಗ ಇನ್ವರ್ಟರ್ ಇದ್ದರೂ ಕಂಪ್ಯೂಟರ್ ರೀಸ್ಟಾರ್ಟ್ ಆಗ್ತದೆ." ಇದರ ಒಳಗುಟ್ಟು ತಿಳಿಯಲು ನನಗೆ ವರ್ಷಗಳೇ ಹಿಡಿದವು. ಕರೆಂಟು ಹೋದ ಗಳಿಗೆಯಿಂದ ಇನ್ವರ್ಟರ್ ಎದ್ದು ನಿಲ್ಲುವವರೆಗೆ ಒಂದು ಸಣ್ಣ ಬಿರುಕು ಇರುತ್ತದೆ. ಬಲ್ಬು, ಫ್ಯಾನಿಗೆ ಅದು ಗೊತ್ತೇ ಆಗುವುದಿಲ್ಲ. ಎಸ್‌ಎಂಪಿಎಸ್ ಆ ಬಿರುಕನ್ನು ತನ್ನ ಕೆಪಾಸಿಟರಿನಲ್ಲಿ ತುಂಬಿಟ್ಟ ಕರೆಂಟಿನಿಂದ ದಾಟಬೇಕು. ಪೂರ್ತಿ ಹೊರೆ ಇರುವಾಗ ಹೊಸ ಎಸ್‌ಎಂಪಿಎಸ್ ಸುಮಾರು 16 ಮಿಲಿಸೆಕೆಂಡ್ ತಡೆದುಕೊಂಡರೆ ಸಾಕು ಎಂಬ ಲೆಕ್ಕದಲ್ಲಿ ವಿನ್ಯಾಸ ಮಾಡಿರುತ್ತಾರೆ. ನಮ್ಮ 50 ಆವರ್ತದ ಕರೆಂಟಿನಲ್ಲಿ ಒಂದು ಆವರ್ತಕ್ಕೇ 20 ಮಿಲಿಸೆಕೆಂಡ್ ಬೇಕು. ಅಂದರೆ ಅಲೆಯೊಂದು ಪೂರ್ತಿ ಹೋಗಿ ಬರುವಷ್ಟು ಹೊತ್ತೂ ಇಲ್ಲ.

ಮನೆಯ ಇನ್ವರ್ಟರುಗಳ ಬೆನ್ನಿನಲ್ಲಿ ಬಹುಪಾಲು ಒಂದು ಸ್ವಿಚ್ಚು ಇರುತ್ತದೆ, ಒಂದು ಕಡೆ ನಾರ್ಮಲ್, ಇನ್ನೊಂದು ಕಡೆ ಯುಪಿಎಸ್. ನಾರ್ಮಲ್‌ನಲ್ಲಿ ಬಿರುಕು ಅಗಲ, ಯುಪಿಎಸ್‌ನಲ್ಲಿ ಕಿರಿದು. ಆ ಸ್ವಿಚ್ಚನ್ನು ಸರಿಸಿ ಎಷ್ಟೋ ಮನೆಗಳ ಕಂಪ್ಯೂಟರ್ ಕಾಯಿಲೆ ವಾಸಿ ಮಾಡಿದ್ದೇನೆ. ಆದರೆ ಅದಕ್ಕೆ ಒಂದು ಬೆಲೆ ಇದೆ. ಯುಪಿಎಸ್ ಕಡೆ ಇಟ್ಟರೆ ಇನ್ವರ್ಟರ್ ಕಡಿಮೆ ವೋಲ್ಟೇಜನ್ನು ಸಹಿಸುವುದಿಲ್ಲ. ಸಂಜೆ ತೋಟಗಳ ಪಂಪು ಶುರುವಾಗಿ ವೋಲ್ಟೇಜ್ ಕುಸಿದಾಗ ಅದು ಬ್ಯಾಟರಿಗೆ ಹೊರಳಿ, ಕರೆಂಟು ಇದ್ದೂ ಬ್ಯಾಟರಿ ಖಾಲಿ ಮಾಡುತ್ತದೆ. ಅಂಥ ಕಡೆ ಕಂಪ್ಯೂಟರಿಗೆ ಮಾತ್ರ 600 ವಿಎ ಯುಪಿಎಸ್ ಒಂದನ್ನು ಬೇರೆಯಾಗಿ ಕೊಡಿಸುತ್ತೇನೆ. ಅದರ ಬ್ಯಾಟರಿಗೆ ಎರಡು ಮೂರು ವರ್ಷ ಆಯುಸ್ಸು. ಲೇಸರ್ ಪ್ರಿಂಟರನ್ನು ಅದಕ್ಕೆ ಜೋಡಿಸಿದರೆ, ಪ್ರಿಂಟರ್ ಬಿಸಿಯಾಗುವ ಗಳಿಗೆಯಲ್ಲಿ ಯುಪಿಎಸ್ ಕುಸಿಯುತ್ತದೆ.

ಇದೇ ಬಿರುಕು ಇನ್ನೊಂದನ್ನೂ ತಿಳಿಸುತ್ತದೆ. ವರ್ಷಗಟ್ಟಲೆ ಅದೇ ಇನ್ವರ್ಟರಿನಲ್ಲಿ ಅಲುಗದೆ ನಿಂತಿದ್ದ ಕಂಪ್ಯೂಟರ್ ಈಗ ರೀಸ್ಟಾರ್ಟ್ ಆಗಲು ಶುರುವಾದರೆ ಎಸ್‌ಎಂಪಿಎಸ್ಸಿನ ಕೆಪಾಸಿಟರು ಮುದಿಯಾಗಿರಬಹುದು. ಮೊದಲಿನಷ್ಟು ಹೊತ್ತು ಉಸಿರು ಹಿಡಿಯಲು ಅದಕ್ಕೆ ಆಗುತ್ತಿಲ್ಲ. ಪೂರ್ತಿ ಸಾಯುವ ಮುಂಚೆ ಅದು ಕೊಡುವ ಎಚ್ಚರಿಕೆ ಇದು. ಫೈಲುಗಳ ಪ್ರತಿ ಮಾಡಿಕೊಳ್ಳಲು ಸಿಗುವ ಸಮಯ ಕೂಡ.

ಅರ್ಥಿಂಗ್ ಬಗ್ಗೆ ಬರೆಯದೆ ಇದನ್ನು ಮುಗಿಸಲಾರೆ. ಹಿಂದೆ ನನ್ನ ಅಂಗಡಿಯಲ್ಲಿ, ಮಳೆಗಾಲದಲ್ಲಿ ಬರಿಗಾಲಲ್ಲಿ ನಿಂತು ಪೆಟ್ಟಿಗೆ ಮುಟ್ಟಿದರೆ ಬೆರಳು ಜುಮ್ ಅನ್ನುತ್ತಿತ್ತು. ಟೆಸ್ಟರ್ ಹಿಡಿದರೆ ತಗಡಿನ ಮೇಲೆ ದೀಪ ಉರಿಯುತ್ತಿತ್ತು. ಬಂದ ಪ್ರತಿಯೊಬ್ಬರೂ ಎಸ್‌ಎಂಪಿಎಸ್ ಲೀಕ್ ಆಗ್ತಿದೆ ಅಂದರು, ಎರಡು ಸಲ ಬದಲಾಯಿಸಿದೆ. ಹೊಸದರಲ್ಲೂ ಜುಮ್ ಹೋಗಲಿಲ್ಲ. ಕೊನೆಗೆ ಒಬ್ಬ ವಯಸ್ಸಾದ ವೈರ್‌ಮನ್ ಬಂದು ಪೆಟ್ಟಿಗೆಯನ್ನು ಮುಟ್ಟದೆ ಗೋಡೆಯ ಸಾಕೆಟ್ ಬಿಚ್ಚಿದರು. ಮೂರನೆಯ ಪಿನ್ನಿನ ಹಿಂದೆ ವೈರೇ ಇರಲಿಲ್ಲ.

ಅವರು ವಿವರಿಸಿದ್ದು ಇಂದಿಗೂ ನೆನಪಿದೆ. ಎಸ್‌ಎಂಪಿಎಸ್ ಕರೆಂಟನ್ನು ಅಷ್ಟು ವೇಗವಾಗಿ ಕತ್ತರಿಸುವಾಗ ಒಂದು ಗದ್ದಲ ಹುಟ್ಟುತ್ತದೆ. ಅದು ರೇಡಿಯೋ, ಟೀವಿಗೆ ತೊಂದರೆ ಕೊಡಬಾರದೆಂದು ಫೇಸಿನಿಂದ ತಗಡಿಗೆ ಒಂದು, ನ್ಯೂಟ್ರಲ್ಲಿನಿಂದ ತಗಡಿಗೆ ಒಂದು ಪುಟ್ಟ ಕೆಪಾಸಿಟರ್ ಹಾಕಿರುತ್ತಾರೆ. ಗದ್ದಲ ಅವುಗಳ ಮೂಲಕ ತಗಡಿಗೆ ಇಳಿದು, ಅಲ್ಲಿಂದ ಅರ್ಥಿಗೆ ಹೋಗಬೇಕು. ಅರ್ಥೇ ಇಲ್ಲದಿದ್ದರೆ ತಗಡು ಫೇಸು ಮತ್ತು ನ್ಯೂಟ್ರಲ್ಲುಗಳ ನಡುವೆ ತೂಗಿಕೊಂಡು 115 ವೋಲ್ಟಿನ ಹತ್ತಿರ ನಿಲ್ಲುತ್ತದೆ. ಆ ಕೆಪಾಸಿಟರುಗಳ ಮೂಲಕ ಹರಿಯಬಲ್ಲ ಕರೆಂಟು ಬಹಳ ಸಣ್ಣದಾದ್ದರಿಂದ ಜೀವಕ್ಕೆ ಅಪಾಯವಿಲ್ಲದೆ ಜುಮ್ ಮಾತ್ರ ಅನ್ನಿಸುತ್ತದೆ. ಆದರೆ ನಾಳೆ ಒಳಗೆ ಫೇಸ್ ವೈರೇ ತಗಡಿಗೆ ತಾಗಿದರೆ? ಫ್ಯೂಸು ಹಾರಿಸಿ ಕಾಪಾಡಬೇಕಾದ ದಾರಿಯೇ ಅಲ್ಲಿಲ್ಲ. ಸ್ಪೈಕ್ ಗಾರ್ಡ್ ಕೂಡ ಅರ್ಥ್ ಇಲ್ಲದೆ ತನ್ನ ಕೆಲಸವನ್ನು ಪೂರ್ತಿ ಮಾಡಲಾರದು.

ಅವರು ಹಿತ್ತಲಲ್ಲಿ ಗುಂಡಿ ತೆಗೆಸಿ, ಇದ್ದಿಲು, ಉಪ್ಪು ತುಂಬಿ ಜಿಐ ಪೈಪ್ ನಿಲ್ಲಿಸಿದರು. ಬೇಸಿಗೆಯಲ್ಲಿ ನೆಲ ಒಣಗಿದರೆ ಅರ್ಥ್ ಸೋಲುತ್ತದೆ ಅಂತ ಹೇಳಿ ಹೋದರು. ಫೆಬ್ರವರಿಯಿಂದ ಮಳೆ ಹಿಡಿಯುವವರೆಗೆ ವಾರಕ್ಕೊಮ್ಮೆ ಆ ಗುಂಡಿಗೆ ಒಂದು ಕೊಡ ನೀರು ಹಾಕುತ್ತೇನೆ. ಮಲ್ಟಿಮೀಟರಿನಲ್ಲಿ ಫೇಸಿಗೂ ಅರ್ಥಿಗೂ ನಡುವೆ ಹೆಚ್ಚುಕಡಿಮೆ 230, ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಒಂದೆರಡು ವೋಲ್ಟ್ ತೋರಿಸಬೇಕು. ಕೊಡ ಹಾಕುವ ದಿನವೇ ಅದನ್ನೂ ನೋಡುತ್ತೇನೆ. ಏಪ್ರಿಲ್, ಮೇ ತಿಂಗಳ ಗುಡುಗಿನ ಸಂಜೆಗಳಲ್ಲಿ ಮಾತ್ರ ಯಾವ ಗಾರ್ಡನ್ನೂ ನಂಬುವುದಿಲ್ಲ. ಮೊದಲ ಗುಡುಗು ಕೇಳಿದ ಕೂಡಲೇ ಕರೆಂಟಿನ ವೈರನ್ನೂ ಇಂಟರ್‌ನೆಟ್ಟಿನ ವೈರನ್ನೂ ಕಿತ್ತಿಡುತ್ತೇನೆ. ಸಿಡಿಲು ಕರೆಂಟಿನ ದಾರಿಯಲ್ಲಿ ಮಾತ್ರವಲ್ಲ, ತಾಮ್ರದ ಯಾವ ದಾರಿಯಲ್ಲೂ ಬರಬಲ್ಲದು.

ಆ ಸೋಮವಾರ ಮಧ್ಯಾಹ್ನ ಡಿಸ್ಕು, ರ್‍ಯಾಮ್ ಎಲ್ಲ ವಾಪಸ್ ಜೋಡಿಸಿ, ಮುಂದಿನ ಕಿಂಡಿಯ ವೈರನ್ನು ಮಾತ್ರ ಜೋಡಿಸದೆ ಬಿಟ್ಟು, ಯಂತ್ರ ಎಬ್ಬಿಸಿದೆ. 164 ಪುಟವೂ ಇದ್ದವು. ಮೊದಲು ಮಾಡಿದ್ದು ಅವುಗಳ ಎರಡು ಪ್ರತಿ, ಒಂದು ಪೆನ್‌ಡ್ರೈವಿಗೆ, ಇನ್ನೊಂದು ಮಗಳ ಲ್ಯಾಪ್‌ಟಾಪಿಗೆ. ಮುಂದಿನ ಯುಎಸ್‌ಬಿಯ ಬದಲಿ ಪಟ್ಟಿ ಶಿವಮೊಗ್ಗದಲ್ಲಿ ಸಿಗಲಿಲ್ಲ, ಬೆಂಗಳೂರಿಗೆ ಹೇಳಿ ಕಳಿಸಿದೆ.

ಬುಧವಾರ ಆ ಹುಡುಗ ಮತ್ತೆ ಬಂದ, ಅದೇ ಪೆನ್‌ಡ್ರೈವ್ ಹಿಡಿದುಕೊಂಡು, ಸ್ಕಾಲರ್‌ಶಿಪ್ ಅರ್ಜಿಯ ಪ್ರಿಂಟಿಗೆ. ಮುಂದಿನ ಕಿಂಡಿಗಳ ಮೇಲೆ ಟೇಪ್ ಅಂಟಿಸಿದ್ದು ನೋಡಿ, "ಎಂತ ಆಯ್ತಕ್ಕ?" ಅಂದ. ಹಿಂದಿನ ಕಿಂಡಿಯಿಂದ ಮೇಜಿನ ಮೇಲಕ್ಕೆ ತಂದಿದ್ದ ಗಿಡ್ಡ ಕೇಬಲ್ಲಿನ ತುದಿಯನ್ನು ಅವನ ಕೈಗೆ ಕೊಟ್ಟೆ. ಒಳಗಿನ ನಾಲ್ಕು ಎಳೆ ಯಾವ ಕಡೆ ಇದೆ ಅಂತ ತೋರಿಸಿ, ನೋಡಿಕೊಂಡು ಚುಚ್ಚು ಅಂದೆ. ಅವನು ತಿರುಗಿಸಿ ತಿರುಗಿಸಿ ನೋಡಿ, ಮೆಲ್ಲಗೆ ಚುಚ್ಚಿದ.